ನಾಣ್ಯದ ಬೆಲೆಯ ಜತೆಗೆ ಅದು ಸಿಕ್ಕ ಜಾಗವೂ ವರದಿಯಾಗಲಿ

ಮಾನ್ಯ ಸಂಪಾದಕರೇ,

ಪುರಾತನ ಗ್ರೀಕ್ ಚಿನ್ನದ ನಾಣ್ಯಗಳು ವಿದೇಶಗಳ ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಬಿಕರಿಯಾಗುತ್ತಿರುವ ಬಗ್ಗೆ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಜಾಗ ಕೊಟ್ಟದ್ದು ನನಗೆ ನಿಜವಾಗಿಯೂ ಸಂತೋಷ ತಂದಿತು. ಆದರೆ ಬರಹದ ತುಂಬ ಬೆಲೆಯ ಅಂಕಿಗಳೇ ಇದ್ದವು. ಆ ನಾಣ್ಯಗಳನ್ನು ಟಂಕಿಸಿದ ದೊರೆಗಳು ಯಾರು, ಅವರಿಗೆ ಅಷ್ಟು ಚಿನ್ನ ಎಲ್ಲಿಂದ ಬಂತು, ನಾಣ್ಯ ಯಾವ ಊರಿನ ಯಾವ ನೆಲದಲ್ಲಿ ಸಿಕ್ಕಿತು ಎಂಬ ವಿವರಗಳು ಇರಲಿಲ್ಲ. ಹಾಸನದಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದ ನನಗೆ ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅದು ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೂ ನೇರವಾಗಿ ತಟ್ಟುವ ಪ್ರಶ್ನೆಯಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ, ಸ್ಥಳಾವಕಾಶ ಮಾಡಿಕೊಡಬೇಕೆಂದು ಕೋರುತ್ತೇನೆ.

ಗ್ರೀಕ್ ಚಿನ್ನದ ನಾಣ್ಯಗಳು ಏಕೆ ಅಪರೂಪ ಎಂಬುದನ್ನು ಮೊದಲು ಹೇಳಬೇಕು. ಗ್ರೀಕ್ ನಗರಗಳ ವ್ಯವಹಾರ ಹೆಚ್ಚಾಗಿ ನಡೆಯುತ್ತಿದ್ದುದು ಬೆಳ್ಳಿಯಲ್ಲಿ. ಅಥೆನ್ಸ್ ನಗರಕ್ಕೆ ಲೌರಿಯಾನ್ ಪ್ರದೇಶದ ಬೆಳ್ಳಿ ಗಣಿಗಳಿದ್ದವು, ಗೂಬೆಯ ಚಿತ್ರವಿದ್ದ ಅದರ ಬೆಳ್ಳಿ ನಾಣ್ಯ ದೂರದೂರದ ಬಂದರುಗಳಲ್ಲಿ ಚಲಾವಣೆಯಾಗುತ್ತಿತ್ತು. ಅಂಥ ನಗರ ಚಿನ್ನಕ್ಕೆ ಕೈ ಹಾಕಿದ್ದು ಸ್ಪಾರ್ಟಾದೊಂದಿಗಿನ ದೀರ್ಘ ಯುದ್ಧದಲ್ಲಿ ಬೊಕ್ಕಸ ಬರಿದಾದಾಗ. ಕ್ರಿ.ಪೂ. 407ರ ಸುಮಾರಿಗೆ ಅಲ್ಲಿನವರು ಆಕ್ರೊಪೊಲಿಸ್ ಗುಡ್ಡದ ಮೇಲಿದ್ದ ವಿಜಯದೇವತೆಯ ಚಿನ್ನದ ಮೂರ್ತಿಗಳನ್ನು ಕರಗಿಸಿ ನಾಣ್ಯ ಹಾಕಿಸಿದರು. ದೇವರ ಚಿನ್ನವನ್ನು ಮುಟ್ಟುವಷ್ಟು ಕಷ್ಟ ಬಂದಿತ್ತೆಂಬುದಕ್ಕೆ ಉಳಿದಿರುವ ಆ ಕೆಲವೇ ನಾಣ್ಯಗಳು ಸಾಕ್ಷಿ. ಚಿನ್ನವನ್ನು ಧಾರಾಳವಾಗಿ ಟಂಕಿಸಿದವರು ಗಣಿಗಳನ್ನು ಹಿಡಿದ ದೊರೆಗಳು, ಇಲ್ಲವೇ ಪರರಾಜರ ಭಂಡಾರ ಗೆದ್ದ ದೊರೆಗಳು. ಅವರು ಹಾಕಿಸಿದ್ದರಲ್ಲಿಯೂ ಬಹುಪಾಲು ಮುಂದಿನ ದೊರೆಯ ಮೂಸೆಗೆ ಹೋಗಿ ಬೇರೆ ನಾಣ್ಯವಾಯಿತು, ಒಡವೆಯಾಯಿತು. ನಮಗೆ ಉಳಿದದ್ದು ಯಾರೋ ಭಯದಿಂದ ನೆಲದಲ್ಲಿ ಹೂತಿಟ್ಟು ಮತ್ತೆ ತೆಗೆಯಲಾಗದೆ ಹೋದದ್ದು ಮಾತ್ರ.

ಶುದ್ಧ ಚಿನ್ನಕ್ಕೂ ಶುದ್ಧ ಬೆಳ್ಳಿಗೂ ಬೇರೆಬೇರೆ ನಾಣ್ಯ ಮಾಡುವ ಪದ್ಧತಿ ಕ್ರಿ.ಪೂ. 6ನೇ ಶತಮಾನದ ಲಿಡಿಯಾದ್ದು, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಭಾಗದ್ದು. ಅಲ್ಲಿನ ದೊರೆ ಕ್ರೀಸಸ್ ಗ್ರೀಕನಲ್ಲ, ಆದರೆ ಸಿಂಹ ಮತ್ತು ಗೂಳಿ ಎದುರುಬದುರಾಗಿ ನಿಂತ ಅವನ ನಾಣ್ಯದ ಹೆಸರಿಲ್ಲದೆ ಗ್ರೀಕ್ ಚಿನ್ನದ ಕಥೆ ಆರಂಭವಾಗುವುದಿಲ್ಲ. ನದಿಯಲ್ಲಿ ಸಿಗುತ್ತಿದ್ದ ಬೆಳ್ಳಿ ಬೆರೆತ ಚಿನ್ನವನ್ನು ಉಪ್ಪಿನೊಂದಿಗೆ ಕುಲುಮೆಯಲ್ಲಿ ಕಾಯಿಸಿ ಬೇರ್ಪಡಿಸುತ್ತಿದ್ದ ಕಾರ್ಯಾಗಾರದ ಅವಶೇಷಗಳು ಅವನ ರಾಜಧಾನಿ ಸಾರ್ಡಿಸ್‌ನಲ್ಲಿ ಉತ್ಖನನದಿಂದ ಬೆಳಕಿಗೆ ಬಂದಿವೆ.

ಗ್ರೀಸಿನ ಉತ್ತರದ ಮ್ಯಾಸಿಡೋನಿಯಾದ ದೊರೆ, ಅಲೆಕ್ಸಾಂಡರನ ತಂದೆ ಎರಡನೇ ಫಿಲಿಪ್ ಕ್ರಿ.ಪೂ. 356ರಲ್ಲಿ ಕ್ರೆನಿಡೀಸ್ ಎಂಬ ಊರನ್ನು ವಶಪಡಿಸಿಕೊಂಡು ಅದಕ್ಕೆ ಫಿಲಿಪ್ಪಿ ಎಂದು ತನ್ನ ಹೆಸರನ್ನೇ ಇಟ್ಟ. ಸುತ್ತಲಿನ ಗಣಿಗಳನ್ನು ಅವನು ಸುಧಾರಿಸಿದ ಮೇಲೆ ವರ್ಷಕ್ಕೆ ಸಾವಿರ ಟ್ಯಾಲೆಂಟಿಗೂ (ಗ್ರೀಕರಲ್ಲಿ ಹಣವನ್ನು ತೂಗುವ ದೊಡ್ಡ ಅಳತೆ) ಹೆಚ್ಚು ಆದಾಯ ಬರತೊಡಗಿತೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಡಯೊಡೋರಸ್ ಬರೆದಿದ್ದಾನೆ. ಆ ಚಿನ್ನದಿಂದ ಹುಟ್ಟಿದ ಸುಮಾರು 8.6 ಗ್ರಾಂ ತೂಕದ ಸ್ಟೇಟರ್ ನಾಣ್ಯದ ಒಂದು ಮುಖದಲ್ಲಿ ಅಪೋಲೋ ದೇವರ ತಲೆ, ಇನ್ನೊಂದರಲ್ಲಿ ಓಡುತ್ತಿರುವ ಎರಡು ಕುದುರೆಗಳ ರಥ. ಒಲಿಂಪಿಯಾದ ರಥಸ್ಪರ್ಧೆಗಳಲ್ಲಿ ಗೆದ್ದದ್ದನ್ನು ಫಿಲಿಪ್ ತನ್ನ ನಾಣ್ಯಗಳ ಮೇಲೆ ಮೂಡಿಸಿದನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುತ್ತಾನೆ. ಗ್ರೀಕರಲ್ಲಿ ಕೆಲವರು ಮ್ಯಾಸಿಡೋನಿಯಾದವರನ್ನು ಹೊರಗಿನವರೆಂದು ಕಾಣುತ್ತಿದ್ದ ಕಾಲದಲ್ಲಿ, ಗ್ರೀಕರಿಗಷ್ಟೇ ಪ್ರವೇಶವಿದ್ದ ಸ್ಪರ್ಧೆಯ ಗೆಲುವನ್ನು ಅವನು ಊರೂರಿಗೆ ಸಾರಿದ್ದು ಈ ರೀತಿ. ಸೈನಿಕರ ಸಂಬಳವಾಗಿ, ವ್ಯಾಪಾರದ ಹಣವಾಗಿ ಪಶ್ಚಿಮಕ್ಕೆ ಹೋದ ಈ ನಾಣ್ಯವನ್ನು ಇಂದಿನ ಫ್ರಾನ್ಸ್‌ನ ಪ್ರದೇಶದಲ್ಲಿದ್ದ ಕೆಲ್ಟ್ ಜನಾಂಗದವರು ನಕಲು ಮಾಡಿದರು; ನಕಲಿನ ನಕಲಾಗುತ್ತಾ ರಥ ಮಾಯವಾಗಿ, ಕೊನೆಗೆ ಕುದುರೆಯ ಕಾಲು, ಬೆನ್ನು, ಬಾಲಗಳು ಬಿಡಿಬಿಡಿ ಗೆರೆ ಚುಕ್ಕೆಗಳಾಗಿ ಬ್ರಿಟನ್ನಿನ ನಾಣ್ಯಗಳ ಮೇಲೆ ಉಳಿದವು.

ಅಲೆಕ್ಸಾಂಡರನ ವಿಷಯ ಬೇರೆ. ಅವನಿಗೆ ಪರ್ಷಿಯಾದ ದೊರೆಗಳು ತಲೆಮಾರುಗಳಿಂದ ಕೂಡಿಟ್ಟ ಸೂಸಾ, ಪರ್ಸೆಪೊಲಿಸ್ ಭಂಡಾರಗಳು ಸಿಕ್ಕಿದವು. ಅವನ ಚಿನ್ನದ ಸ್ಟೇಟರಿನ ಮೇಲೆ ಅವನ ಮುಖವಿಲ್ಲ ಎಂಬುದು ಅನೇಕರಿಗೆ ಆಶ್ಚರ್ಯ ತರಬಹುದು; ಅಲ್ಲಿರುವುದು ಶಿರಸ್ತ್ರಾಣ ತೊಟ್ಟ ಅಥೇನಾ ದೇವಿ, ಹಿಂಬದಿಯಲ್ಲಿ ಮಾಲೆ ಹಿಡಿದು ನಿಂತ ರೆಕ್ಕೆಯ ವಿಜಯದೇವತೆ, ಪಕ್ಕದಲ್ಲಿ ಅವನ ಹೆಸರು.

ತಮ್ಮ ಬರಹದಲ್ಲಿ ಪ್ರಸ್ತಾಪವಾದ, 2023ರಲ್ಲಿ ಜ್ಯೂರಿಕ್‌ನಲ್ಲಿ ನಲವತ್ತು ಲಕ್ಷ ಸ್ವಿಸ್ ಫ್ರಾಂಕ್ ದಾಟಿ ಮಾರಾಟವಾದ ನಾಣ್ಯ ಕಪ್ಪು ಸಮುದ್ರದ ತೀರದ ಕ್ರೈಮಿಯಾದ ಪಾಂಟಿಕಪೇಯಂ ನಗರದ್ದು, ಇಂದಿನ ಕೆರ್ಚ್ ಪಟ್ಟಣದ್ದು. ಕೆದರಿದ ಗಡ್ಡದ ವನದೇವತೆಯ ಮುಖ ಅದರ ಒಂದು ಬದಿಯಲ್ಲಿದ್ದರೆ, ಇನ್ನೊಂದು ಬದಿಯಲ್ಲಿ ಸಿಂಹದ ಒಡಲಿಗೆ ರೆಕ್ಕೆ ಹಚ್ಚಿದಂಥ ಗ್ರಿಫಿನ್ ಎಂಬ ಕಲ್ಪಿತ ಪ್ರಾಣಿ ಬಾಯಲ್ಲಿ ಈಟಿ ಕಚ್ಚಿಕೊಂಡು ನಿಂತಿದೆ. ಅದರ ಕಾಲಡಿಯಲ್ಲಿರುವ ಧಾನ್ಯದ ತೆನೆಯನ್ನು ಮಾತ್ರ ಬರಹ ಗಮನಿಸಲಿಲ್ಲ. ಆ ನಗರವನ್ನಾಳಿದ ಸ್ಪಾರ್ಟೊಕಸ್ ವಂಶದ ದೊರೆಗಳ ಸಂಪತ್ತು ನಿಂತಿದ್ದುದೇ ಆ ತೆನೆಯ ಮೇಲೆ. ಅವರಲ್ಲಿ ಲ್ಯೂಕಾನ್ ಎಂಬ ದೊರೆಯ ನಾಡಿನಿಂದ ಅಥೆನ್ಸ್‌ಗೆ ವರ್ಷಕ್ಕೆ ಸುಮಾರು 4 ಲಕ್ಷ ಮೆಡಿಮ್ನಸ್ ಅಳತೆಯ ಧಾನ್ಯ ಬರುತ್ತಿತ್ತೆಂದು ವಾಗ್ಮಿ ಡೆಮಾಸ್ತನೀಸ್ ತನ್ನ ಭಾಷಣವೊಂದರಲ್ಲಿ ಹೇಳಿದ್ದಾನೆ.

ಅಲೆಕ್ಸಾಂಡರನ ನಂತರ ಈಜಿಪ್ಟನ್ನಾಳಿದ ಗ್ರೀಕ್ ವಂಶವಾದ ಟಾಲೆಮಿಗಳ ನಾಣ್ಯವ್ಯವಸ್ಥೆ ಬಹಳ ಬಿಗಿಯಾದದ್ದು. ಮೊದಲನೇ ಟಾಲೆಮಿ ತನ್ನ ಮುಖವನ್ನೇ ಹಾಕಿಸಿದ ಚಿನ್ನದ ಸ್ಟೇಟರಿನ ಹಿಂಬದಿಯಲ್ಲಿ, ದೇವತ್ವಕ್ಕೇರಿದ ಅಲೆಕ್ಸಾಂಡರ್ ನಾಲ್ಕು ಆನೆಗಳ ರಥದಲ್ಲಿ ನಿಂತಿದ್ದಾನೆ. ಮಗ ಎರಡನೇ ಟಾಲೆಮಿಯ ಕಾಲದಲ್ಲಿ ಸುಮಾರು 27.8 ಗ್ರಾಂ ತೂಗುವ, ಡ್ರಾಕ್ಮ ಎಂಬ ನೂರು ಬೆಳ್ಳಿ ನಾಣ್ಯಗಳಿಗೆ ಸಮನಾದ ದೊಡ್ಡ ಚಿನ್ನದ ನಾಣ್ಯ ಬಂತು. ಒಂದು ಮುಖದಲ್ಲಿ ಅವನೂ ಅವನ ಸಹೋದರಿಯೂ ರಾಣಿಯೂ ಆದ ಅರ್ಸಿನೋಯಿಯೂ, ಇನ್ನೊಂದರಲ್ಲಿ ತಂದೆತಾಯಿಗಳೂ ಇದ್ದಾರೆ. ಹೊರನಾಡಿನ ವ್ಯಾಪಾರಿ ತನ್ನ ಚಿನ್ನದ ನಾಣ್ಯವನ್ನು ಅಲ್ಲಿನ ಟಂಕಸಾಲೆಗೆ ಕೊಟ್ಟು ಹೊಸದಾಗಿ ಹಾಕಿಸಿಕೊಳ್ಳಬೇಕಿತ್ತು. ಇದರಿಂದಾದ ತೊಂದರೆಗಳನ್ನು ಟಂಕಸಾಲೆಯ ಅಧಿಕಾರಿಯೊಬ್ಬ ಮಂತ್ರಿಗೆ ವಿವರಿಸಿ ಕ್ರಿ.ಪೂ. 258ರಲ್ಲಿ ಬರೆದ ಕಾಗದ ಪಪೈರಸ್ ಹಾಳೆಯಲ್ಲಿ ಇಂದಿಗೂ ಉಳಿದಿದೆ. ಇದೇ ಎರಡನೇ ಟಾಲೆಮಿಯನ್ನು ನಮ್ಮ ಅಶೋಕ ಚಕ್ರವರ್ತಿ ತನ್ನ 13ನೇ ಬಂಡೆಶಾಸನದಲ್ಲಿ ತುರಮಾಯ ಎಂದು ಹೆಸರಿಸಿದ್ದಾನೆ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿದಾಗ ತರಗತಿ ಒಮ್ಮೆಲೇ ಚುರುಕಾಗುತ್ತಿತ್ತು.

ಈ ಫಿಲಿಪ್, ಅಲೆಕ್ಸಾಂಡರ್, ಟಾಲೆಮಿಗಳ ನಾಣ್ಯಗಳೆಲ್ಲ ನಾಳೆ ಕಳೆದುಹೋದರೂ ಅವರ ಚರಿತ್ರೆ ಗ್ರಂಥಗಳಲ್ಲಿ ಉಳಿಯುತ್ತದೆ. ಬ್ಯಾಕ್ಟ್ರಿಯಾದ ಮತ್ತು ಭಾರತದ ವಾಯವ್ಯ ಭಾಗದ ಗ್ರೀಕ್ ದೊರೆಗಳಿಗೆ ಆ ಭಾಗ್ಯವಿಲ್ಲ. ಇಂದಿನ ಅಫ್ಘಾನಿಸ್ತಾನದಿಂದ ಪಂಜಾಬಿನವರೆಗೆ ಸುಮಾರು ಎರಡೂವರೆ ಶತಮಾನ ಬೇರೆಬೇರೆ ಕಡೆ ಆಳಿದ ನಲವತ್ತರಷ್ಟು ದೊರೆಗಳಲ್ಲಿ ಪ್ರಾಚೀನ ಲೇಖಕರು ಹೆಸರಿಸಿರುವುದು ಬೆರಳೆಣಿಕೆಯ ಮಂದಿಯನ್ನು. ಉಳಿದವರು ಇದ್ದರೆಂದು ನಮಗೆ ತಿಳಿದಿರುವುದು ಅವರ ನಾಣ್ಯಗಳಿಂದಲೇ. ಡಯೊಡೋಟಸ್ ಎಂಬ ಪ್ರಾಂತಾಧಿಕಾರಿ, ಅಲೆಕ್ಸಾಂಡರನ ನಂತರ ಪಶ್ಚಿಮ ಏಷ್ಯಾವನ್ನಾಳಿದ ಸೆಲ್ಯೂಸಿಡ್ ವಂಶದ ಚಕ್ರವರ್ತಿಯಿಂದ ಬೇರ್ಪಟ್ಟು ಸ್ವತಂತ್ರನಾದ ಬಗೆಯನ್ನು ಚಿನ್ನದ ಸ್ಟೇಟರುಗಳನ್ನು ಸಾಲಾಗಿಟ್ಟು ನೋಡಿದರೆ ಕಾಣಬಹುದು: ಮೊದಮೊದಲ ನಾಣ್ಯಗಳಲ್ಲಿ ಆಂಟಿಯೋಕಸ್ ದೊರೆಯ ಹೆಸರಿದ್ದರೂ ಮುಖ ಆಗಲೇ ಬೇರೆಯವರದು, ಆಮೇಲಿನವುಗಳಲ್ಲಿ ಹೆಸರೂ ಡಯೊಡೋಟಸನದೇ. ಸಿಡಿಲನ್ನು ಎಸೆಯಲು ಕೈ ಎತ್ತಿದ ಜ್ಯೂಸ್ ದೇವರು ಎರಡರಲ್ಲಿಯೂ ಇದ್ದಾನೆ.

ಅದೇ ನಾಡಿನ ಯೂಕ್ರಟೈಡೀಸ್ ಕ್ರಿ.ಪೂ. 2ನೇ ಶತಮಾನದ ಮಧ್ಯಭಾಗದಲ್ಲಿ ಹಾಕಿಸಿದ ಇಪ್ಪತ್ತು ಸ್ಟೇಟರ್ ಮೌಲ್ಯದ ನಾಣ್ಯ ಪ್ರಾಚೀನ ಜಗತ್ತಿನಿಂದ ಉಳಿದುಬಂದಿರುವ ಅತಿ ದೊಡ್ಡ ಚಿನ್ನದ ನಾಣ್ಯ. ತೂಕ 169 ಗ್ರಾಂ, ಅಡ್ಡಳತೆ 58 ಮಿಲಿಮೀಟರ್. ಸುಮಾರು 4 ಗ್ರಾಂ ತೂಗುವ ಹೊಯ್ಸಳರ ಗದ್ಯಾಣ ಎಂಬ ಚಿನ್ನದ ನಾಣ್ಯಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕುವುದಾದರೆ ನಲವತ್ತಕ್ಕಿಂತ ಹೆಚ್ಚು ಬೇಕು. ಅದರ ದೊಡ್ಡ ಛಾಯಾಚಿತ್ರವನ್ನು ಹತ್ತಿರದಿಂದ ನೋಡಿದರೆ ಶಿರಸ್ತ್ರಾಣದ ಪಕ್ಕದಲ್ಲಿ ಗೂಳಿಯ ಕೊಂಬು ಮತ್ತು ಕಿವಿ, ಅದರ ಅಂಚಿನ ಕೆಳಗಿಂದ ಹೊರಗೆ ಇಳಿದ ರಾಜಪಟ್ಟಿಕೆಯ ಎರಡು ತುದಿಗಳು, ದೊರೆಯ ಗಟ್ಟಿಯಾದ ದವಡೆ ಎಲ್ಲವೂ ಕಾಣುತ್ತವೆ. ಹಿಂಬದಿಯಲ್ಲಿ ಅವಳಿ ದೇವತೆಗಳು ಈಟಿ ಚಾಚಿ ಕುದುರೆಗಳನ್ನು ನೆಗೆಸುತ್ತಿದ್ದಾರೆ, ಸುತ್ತ ‘ಮಹಾರಾಜ ಯೂಕ್ರಟೈಡೀಸನದು’ ಎಂಬ ಅರ್ಥದ ಗ್ರೀಕ್ ಬರಹವಿದೆ. ಇಷ್ಟು ಮೆರೆದ ದೊರೆ ಭಾರತದ ದಂಡಯಾತ್ರೆಯಿಂದ ಮರಳುವಾಗ ಮಗನೇ ಅವನನ್ನು ಕೊಂದು, ರಕ್ತದ ಮೇಲೆ ರಥ ಹರಿಸಿ, ಶವಸಂಸ್ಕಾರಕ್ಕೂ ಆಸ್ಪದ ಕೊಡಲಿಲ್ಲವೆಂದು ಜಸ್ಟಿನ್ ಎಂಬ ರೋಮನ್ ಲೇಖಕ ಬರೆದಿದ್ದಾನೆ. ನಾಣ್ಯ ಬುಖಾರಾದಲ್ಲಿ ಸಿಕ್ಕಿತೆಂದು ಅದನ್ನು ಯುರೋಪಿಗೆ ತಂದವರು ಹೇಳಿದರು. ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಅದನ್ನು ಕೊಂಡ. ಇಂದು ಅದು ಪ್ಯಾರಿಸ್‌ನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ನಾಣ್ಯ ವಿಭಾಗದಲ್ಲಿದೆ. ಬುಖಾರಾದ ಯಾವ ಮೂಲೆಯಲ್ಲಿ, ಯಾವುದರ ಜತೆಯಲ್ಲಿ ಸಿಕ್ಕಿತು ಎಂಬುದು ಗೊತ್ತಿದ್ದಿದ್ದರೆ, ಇಂಥ ನಾಣ್ಯವನ್ನು ಯಾವ ಗೆಲುವಿಗಾಗಿ, ಯಾರಿಗೆ ಕೊಡಲು ಹಾಕಿಸಿದನೆಂಬ ಚರ್ಚೆಗೆ ಒಂದು ಆಧಾರವಾದರೂ ಇರುತ್ತಿತ್ತು.

ಜಾಗ ಗೊತ್ತಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ನಾಡಿನಲ್ಲಿ ಉದಾಹರಣೆಯಿದೆ. ಅಫ್ಘಾನಿಸ್ತಾನದ ಐ ಖಾನಂ ಎಂಬಲ್ಲಿ ಫ್ರೆಂಚ್ ವಿದ್ವಾಂಸರು ನಡೆಸಿದ ಉತ್ಖನನದಲ್ಲಿ 1970ರಲ್ಲಿ ಅಗಥೊಕ್ಲೀಸ್ ದೊರೆಯ ಆರು ಬೆಳ್ಳಿ ನಾಣ್ಯಗಳು ಅರಮನೆಯ ಆವರಣದಲ್ಲಿ ಸಿಕ್ಕಿದವು. ಅವು ಚಿನ್ನದವಲ್ಲ, ಹರಾಜಿನಲ್ಲಿ ದಾಖಲೆ ಮುರಿಯುವಂಥವೂ ಅಲ್ಲ. ಆದರೆ ಒಂದು ಮುಖದಲ್ಲಿ ಚಕ್ರ ಹಿಡಿದ ವಾಸುದೇವ, ಇನ್ನೊಂದರಲ್ಲಿ ನೇಗಿಲು ಹಿಡಿದ ಸಂಕರ್ಷಣ, ಒಂದೆಡೆ ಗ್ರೀಕ್ ಲಿಪಿ, ಇನ್ನೊಂದೆಡೆ ಬ್ರಾಹ್ಮಿ ಲಿಪಿ. ಬೇಲೂರಿನ ಚೆನ್ನಕೇಶವನ ಮುಂದೆ ಕೈಮುಗಿದು ನಿಂತ ಗರುಡನನ್ನು ನೋಡುತ್ತಾ ಬೆಳೆದ ನಮ್ಮಂಥವರಿಗೆ, ಗ್ರೀಕ್ ದೊರೆಯೊಬ್ಬ ಕೃಷ್ಣ ಬಲರಾಮರನ್ನು ನಾಣ್ಯದ ಮೇಲೆ ಮೂಡಿಸಿದ ಸಂಗತಿ ಮನಸ್ಸಿಗೆ ಬಹಳ ಹತ್ತಿರದ್ದು. ಭಾರತೀಯ ಮುದ್ರಾಂಕಿತ ನಾಣ್ಯಗಳ ಜತೆಯಲ್ಲಿ, ನೆಲದ ಪದರದ ದಾಖಲೆಯೊಂದಿಗೆ ದೊರೆತದ್ದರಿಂದಲೇ ಅವು ನಕಲಿ ಎಂದು ಯಾರೂ ತಳ್ಳಿಹಾಕಲಾಗಲಿಲ್ಲ.

ಈ ದೊರೆಗಳಿಗೆ ನಮ್ಮ ದೇಶದ ಇತಿಹಾಸ ಋಣಿಯಾಗಿರುವುದು ಇನ್ನೊಂದು ಕಾರಣಕ್ಕೆ. ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರೇ ಇಲ್ಲವಾಗಿದ್ದಾಗ, ಇದೇ ಅಗಥೊಕ್ಲೀಸನ ಎರಡು ಲಿಪಿಯ ನಾಣ್ಯದಲ್ಲಿ ಗ್ರೀಕ್ ಹೆಸರಿನ ನೆರವಿನಿಂದ ಬ್ರಾಹ್ಮಿ ಅಕ್ಷರಗಳನ್ನು ಕ್ರಿಶ್ಚಿಯನ್ ಲಾಸೆನ್ ಎಂಬ ವಿದ್ವಾಂಸರು 1836ರಲ್ಲಿ ಗುರುತಿಸಿದರು. ಮರುವರ್ಷ ಜೇಮ್ಸ್ ಪ್ರಿನ್ಸೆಪ್ ಲಿಪಿಯ ಗುಟ್ಟನ್ನು ಪೂರ್ಣವಾಗಿ ಬಿಡಿಸಿದರು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕಂಡಾಗ ಅದನ್ನು ಓದಲು ಸಾಧ್ಯವಾದದ್ದು ಈ ಹಿಂದಿನ ಕೆಲಸದಿಂದ. ನಮ್ಮ ಕನ್ನಡ ಅಕ್ಷರಗಳ ಮೂಲವೂ ಅದೇ ಬ್ರಾಹ್ಮಿ.

ಐ ಖಾನಂನಲ್ಲಿ ಆದದ್ದಕ್ಕೆ ವಿರುದ್ಧವಾದ ದುರಂತ ನಡೆದದ್ದು ಅಫ್ಘಾನಿಸ್ತಾನದ ಮೀರ್ ಝಕಾ ಎಂಬ ಹಳ್ಳಿಯ ಬಾವಿಯಲ್ಲಿ. ಯುದ್ಧದಿಂದ ಆಡಳಿತವೇ ಇಲ್ಲದಂತಾಗಿದ್ದ 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಂದ ಟನ್‌ಗಟ್ಟಲೆ ಪ್ರಾಚೀನ ನಾಣ್ಯಗಳನ್ನು ತೆಗೆದು ಪೇಶಾವರದ ಬಜಾರಿನಲ್ಲಿ ಮಾರಿದರು. ಯಾವ ನಾಣ್ಯ ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಇನ್ನು ಎಂದಿಗೂ ತಿಳಿಯಲಾಗದು. ಅಲ್ಲಿಯದೆಂದು ಹೇಳಲಾದ ಒಂದು ಚಿನ್ನದ ಪದಕದಲ್ಲಿ ಆನೆಯ ತಲೆಯ ಚರ್ಮವನ್ನು ಶಿರಸ್ತ್ರಾಣವಾಗಿ ಧರಿಸಿದ ಅಲೆಕ್ಸಾಂಡರನ ಮುಖವೂ, ಹಿಂಬದಿಯಲ್ಲಿ ನಡೆಯುತ್ತಿರುವ ಆನೆಯೂ ಇವೆ. ಅದು ನಿಜವಾಗಿದ್ದರೆ ಅಲೆಕ್ಸಾಂಡರ್ ಬದುಕಿದ್ದಾಗಲೇ ಮೂಡಿದ ಅವನ ಮುಖಚಿತ್ರವೆಂಬ ವಾದಕ್ಕೆ ಬಲ ಬರುತ್ತದೆ, ಭಾರತದ ದಂಡಯಾತ್ರೆಯ ಅಧ್ಯಯನಕ್ಕೇ ಹೊಸ ಆಧಾರವಾಗುತ್ತದೆ. ಆದರೆ ಒಬ್ಬ ವಿದ್ವಾಂಸರು ಅಸಲಿ ಎಂದರೆ ಇನ್ನೊಬ್ಬರು ಈಚಿನ ಕಾಲದ ನಕಲಿ ಎನ್ನುತ್ತಾರೆ. ಅದನ್ನು ನೆಲದಿಂದ ಎತ್ತಿದ ಗಳಿಗೆಗೆ ದಾಖಲೆಯಿಲ್ಲದ ಕಾರಣ ಆ ವಾದ ಮುಗಿಯುವಂಥದ್ದಲ್ಲ.

ತಮ್ಮ ಬರಹ ಗ್ರೀಕ್ ನಾಣ್ಯಗಳ ಸಾಲಿಗೆ ಸೇರಿಸಿದ್ದ, ಎರಡು ಕಠಾರಿಗಳ ಚಿತ್ರವಿರುವ ಬ್ರೂಟಸ್‌ನ ನಾಣ್ಯ ವಾಸ್ತವವಾಗಿ ರೋಮನ್ನರದು, ಜೂಲಿಯಸ್ ಸೀಸರನನ್ನು ಕೊಂದವರಲ್ಲಿ ಒಬ್ಬನಾದ ಅವನು ಆ ಹತ್ಯೆಯ ನೆನಪಿಗೆ ಕ್ರಿ.ಪೂ. 42ರ ಸುಮಾರಿಗೆ ಹಾಕಿಸಿದ್ದು. 2020ರಲ್ಲಿ ಲಂಡನ್ನಿನಲ್ಲಿ ದಾಖಲೆಯ ಬೆಲೆಗೆ ಹೋದ ಆ ನಾಣ್ಯದ ಹಿಂದಿನ ಒಡೆತನದ ಕಾಗದಗಳು ಸುಳ್ಳೆಂದು ತನಿಖೆಯಲ್ಲಿ ಬಯಲಾಗಿ, 2023ರಲ್ಲಿ ಅದನ್ನು ಗ್ರೀಸ್ ದೇಶಕ್ಕೆ ಒಪ್ಪಿಸಲಾಯಿತು. ಬೆಲೆಯನ್ನು ಬರೆದ ಕಡೆ ಆಮೇಲೆ ನಡೆದ ಈ ಸಂಗತಿಯನ್ನೂ ಬರೆಯಬೇಕಿತ್ತು.

ಈಗ ನಮ್ಮ ಜಿಲ್ಲೆಗಳ ಮಾತು. ಬ್ಯಾಕ್ಟ್ರಿಯಾದ ದೊರೆಗಳಿಗೆ ಇಲ್ಲದ ಸೌಭಾಗ್ಯ ಹೊಯ್ಸಳರಿಗಿದೆ: ಹಾಸನ, ಬೇಲೂರು, ಅರಸೀಕೆರೆ, ಕಡೂರು, ಮೂಡಿಗೆರೆ ಸೀಮೆಯಲ್ಲಿ ಎಲ್ಲಿ ನೋಡಿದರೂ ಶಾಸನ. ದೇವರ ನಂದಾದೀಪಕ್ಕೆ ಇಷ್ಟು ಗದ್ಯಾಣ, ಇಂಥ ಕೆರೆಗೆ ಇಷ್ಟು ಹೊನ್ನು ಎಂಬ ಲೆಕ್ಕ ಕಲ್ಲಿನಲ್ಲಿದೆ. ಕ್ರಿ.ಶ. 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ ಹಾಕಿಸಿದ ಚಿನ್ನದ ನಾಣ್ಯದ ಮೇಲೆ ಒಂದು ಕಡೆ ಸಿಂಹದ ಆಕೃತಿಯಿದ್ದರೆ ಇನ್ನೊಂದು ಕಡೆ ಹಳೆಯ ಕನ್ನಡ ಅಕ್ಷರಗಳಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆ. ಇನ್ನೊಂದು ಬಗೆಯ ನಾಣ್ಯದಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿದೆ. ಗ್ರೀಕ್ ದೊರೆಗಳು ತಮ್ಮ ಹೆಸರು ಹಾಕಿಸಿದರು, ನಮ್ಮ ದೊರೆ ಹೆಸರು ಬಿಟ್ಟು ಬಿರುದನ್ನಷ್ಟೇ ಹಾಕಿಸಿದ. ಆ ಬಿರುದನ್ನು ಹೊತ್ತ ಶಾಸನಗಳು ಇಲ್ಲದಿದ್ದರೆ ಈ ನಾಣ್ಯ ಯಾರದೆಂದು ಹೇಳುವುದು ಕಷ್ಟವಾಗುತ್ತಿತ್ತು. ಹೀಗೆ ಕಲ್ಲೂ ಚಿನ್ನವೂ ಒಂದನ್ನೊಂದು ವಿವರಿಸುತ್ತವೆ. ಆದರೆ ಅದಕ್ಕೆ ನಾಣ್ಯ ಯಾವ ಊರಿನದೆಂಬುದು ಗೊತ್ತಿರಬೇಕು.

ಹಾಸನದ ಒಬ್ಬ ಅಕ್ಕಸಾಲಿಗರ ಅಂಗಡಿಯಲ್ಲಿ ಅಂಥ ಒಂದು ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಕರಿಮಣಿ ಸರಕ್ಕೆ ಪೋಣಿಸಲೆಂದು ಯಾವುದೋ ಕಾಲದಲ್ಲಿ ಮೇಲ್ತುದಿಗೆ ಕೊಂಡಿ ಬೆಸೆದಿದ್ದರು. ಬೆಸುಗೆಯ ಚಿನ್ನ ಹರಿದು ಮೊದಲ ಸಾಲಿನ ಅಕ್ಷರ ಮುಚ್ಚಿಹೋಗಿತ್ತು, ಎದೆಗೆ ಉಜ್ಜಿ ಉಜ್ಜಿ ಸಿಂಹದ ಬೆನ್ನು ನುಣ್ಣಗಾಗಿತ್ತು. ಭೂತಗನ್ನಡಿಯಲ್ಲಿ ‘ಕಾಡು’ ಎಂಬ ಎರಡಕ್ಷರ ಮಾತ್ರ ಸ್ಪಷ್ಟವಾಗಿ ಕಂಡವು. ಅಜ್ಜಿಯ ತವರಿನಿಂದ ಬಂದದ್ದೆಂದು ಮನೆಯವರು ಹೇಳಿದರು, ತವರಿಗೆ ಎಲ್ಲಿಂದ ಬಂತೆಂದು ಹೇಳುವವರು ಯಾರೂ ಉಳಿದಿರಲಿಲ್ಲ. ಮನೆಯ ಹಿರಿಯರ ನೆನಪಿಗೆ ಅದನ್ನು ಜೋಪಾನ ಮಾಡಿದ ಆ ಕುಟುಂಬದ ಮೇಲೆ ನನಗೆ ಗೌರವವಿದೆ. ನನ್ನ ಸಂಕಟ, ಮನೆಗೆ ಪಾಯ ತೋಡುವಾಗ, ಕೆರೆಯ ಹೂಳೆತ್ತುವಾಗ, ಕಾಫಿ ತೋಟದಲ್ಲಿ ಗುಂಡಿ ತೆಗೆಯುವಾಗ ಸಿಕ್ಕಿ, ಪೊಲೀಸರ ಭಯಕ್ಕೆ ರಾತ್ರೋರಾತ್ರಿ ಮೂಸೆ ಸೇರುವ ನಾಣ್ಯಗಳ ಬಗ್ಗೆ. ನಿಧಿಯಾಸೆಗೆ ಹಾಳು ಗುಡಿಗಳ ಗರ್ಭಗುಡಿಯನ್ನು, ವೀರಗಲ್ಲಿನ ಬುಡವನ್ನು ಅಗೆಯುವವರ ಸುದ್ದಿ ತಮ್ಮ ಪತ್ರಿಕೆಯಲ್ಲೇ ಆಗಾಗ ಓದುತ್ತೇವೆ. ಅವರಿಗೆ ಚಿನ್ನ ಸಿಗದಿದ್ದರೂ ಇತಿಹಾಸದ ಪದರವಂತೂ ಕದಡಿಹೋಗುತ್ತದೆ.

ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ದೇಶದಲ್ಲಿ 1878ರಿಂದ ಇದೆ, ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯಿದೆ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ಆದರೆ ಹಳ್ಳಿಯ ರೈತನಿಗೆ ಇದರಲ್ಲಿ ಗೊತ್ತಿರುವುದು ಶಿಕ್ಷೆಯ ಭಾಗ ಮಾತ್ರ. ಪ್ರಾಮಾಣಿಕವಾಗಿ ತಿಳಿಸಿದವನನ್ನು ಕಾನೂನು ಬರಿಗೈಯಲ್ಲಿ ಕಳಿಸಬೇಕೆಂದಿಲ್ಲ, 1878ರ ಕಾಯ್ದೆಯಲ್ಲಿಯೇ ಪಾಲಿನ ಮಾತಿತ್ತು ಎಂಬುದನ್ನು ಯಾರೂ ಅವನಿಗೆ ಹೇಳಿಲ್ಲ. ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಇದನ್ನು ಸರಳ ಕನ್ನಡದಲ್ಲಿ ಬರೆದು ಹಾಕಿಸುವಂತೆ ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಲ್ಲಿ ಈ ಪತ್ರದ ಮೂಲಕ ಮನವಿ ಮಾಡುತ್ತೇನೆ. 2023ರಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ಸೋಮನಾಥಪುರದ ಜತೆಗೆ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಿದ್ದಾರೆ. ಅಲ್ಲಿಗೆ ಬರುವ ಶಾಲಾ ಮಕ್ಕಳಿಗೆ ತಳಕಾಡುಗೊಂಡ ನಾಣ್ಯದ ದೊಡ್ಡ ಛಾಯಾಚಿತ್ರವನ್ನು, ಅದೇ ಬಿರುದಿರುವ ಶಾಸನದ ಅಚ್ಚಿನ ಪಕ್ಕದಲ್ಲಿಟ್ಟು ತೋರಿಸುವಂತಾಗಬೇಕು.

ತಮ್ಮ ಪತ್ರಿಕೆಯಲ್ಲಿ ನನ್ನದೊಂದು ವಿನಂತಿ. ಮುಂದೆ ಈ ಸೀಮೆಯಲ್ಲಿ ನಾಣ್ಯಗಳು ಸಿಕ್ಕ ಸುದ್ದಿ ಬಂದಾಗ, ಇಂದಿನ ಚಿನ್ನದ ದರದಲ್ಲಿ ಎಷ್ಟು ಲಕ್ಷವಾಗುತ್ತದೆ ಎಂಬ ಲೆಕ್ಕಕ್ಕೆ ಮೊದಲು, ಯಾವ ಗ್ರಾಮ, ಯಾರ ಕಾಲದ ಗುಡಿಯ ಅಥವಾ ಕೆರೆಯ ಹತ್ತಿರ, ಎಷ್ಟು ಆಳದಲ್ಲಿ, ಮಡಕೆಯಲ್ಲಿತ್ತೇ ಬಿಡಿಯಾಗಿತ್ತೇ, ಒಟ್ಟು ಎಷ್ಟು ನಾಣ್ಯ, ಜತೆಯಲ್ಲಿ ಬೇರೇನಿತ್ತು ಎಂಬುದನ್ನು ತಮ್ಮ ವರದಿಗಾರರು ಕೇಳಿ ಬರೆಯಲಿ. ತೊಳೆಯುವ ಮೊದಲು ಎರಡೂ ಮುಖಗಳ ಛಾಯಾಚಿತ್ರ ತೆಗೆಯಲಿ. ಮಡಕೆಯ ಚೂರನ್ನು ಎಸೆಯದಂತೆಯೂ ದಯವಿಟ್ಟು ಹೇಳಲಿ, ಏಕೆಂದರೆ ನಾಣ್ಯವನ್ನು ಹೂತಿಟ್ಟ ಕಾಲವನ್ನು ಎಷ್ಟೋ ಸಲ ಆ ಚೂರೇ ಹೇಳುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ,
ಹಾಸನ